ಜಾಡಿಯ ಮುಂದೆ ನಿಂತು ಶುರು ಮಾಡಿದೆ

ನನ್ನ ಮೊದಲ ಟೂರ್ ಶುರುವಾದಾಗ ಹದಿನಾಲ್ಕು ಜನ ಇದ್ದರು. ಮುಗಿದಾಗ ಐದು. ಆ ಐದರಲ್ಲಿ ಒಬ್ಬಳು ನನ್ನ ಹೆಂಡತಿ.

ಸಿಂಗಪುರದ ಏಷ್ಯನ್ ಸಿವಿಲೈಸೇಷನ್ಸ್ ಮ್ಯೂಸಿಯಂನಲ್ಲಿ ಚೀನಾದ ಟ್ಯಾಂಗ್ ಅರಸರ ಕಾಲದಲ್ಲಿ ಮುಳುಗಿದ ಸರಕು ಹಡಗಿನ ಗ್ಯಾಲರಿ ಇದೆ. ಬಿಡುವಿನ ದಿನಗಳಲ್ಲಿ ನಾನಲ್ಲಿ ಸಂಬಳವಿಲ್ಲದ ಗೈಡ್. ಅವತ್ತು ಬಾಗಿಲಲ್ಲೇ ನಿಂತು, 618ರಿಂದ 907ರವರೆಗಿನ ಟ್ಯಾಂಗ್ ಅರಸರ ಕಥೆಯನ್ನು ಇಪ್ಪತ್ತು ನಿಮಿಷ ಕೊರೆದೆ. ಜನ ಒಬ್ಬೊಬ್ಬರೇ ಜಾರಿಕೊಂಡರು. ನನ್ನ ಬೆನ್ನ ಹಿಂದೆ ನೂರಾರು ಬಟ್ಟಲು ಹೊಳೆಯುತ್ತಿರುವಾಗ ನನ್ನ ಮುಖ ಯಾಕೆ ನೋಡಬೇಕು, ಅಲ್ವಾ?

ಈಗ ಒಂದು ದೊಡ್ಡ ಜಾಡಿಯ ಮುಂದೆ ಶುರು ಮಾಡುತ್ತೇನೆ. ಇದರೊಳಗೆ ಎಷ್ಟು ಬಟ್ಟಲು ಹಿಡಿಸುತ್ತದೆ ಹೇಳಿ ಅಂತ ಕೇಳುತ್ತೇನೆ. ಇಪ್ಪತ್ತು ಅನ್ನುತ್ತಾರೆ, ಮೂವತ್ತು ಅನ್ನುತ್ತಾರೆ. ನೂರಕ್ಕೂ ಜಾಸ್ತಿ! ಸುರುಳಿಯ ಹಾಗೆ, ಒಂದಕ್ಕೊಂದು ಒತ್ತಿ ಜೋಡಿಸಿದ್ದಾರೆ. ಹಾಗಾಗಿ ಸುಮಾರು ಸಾವಿರದ ಇನ್ನೂರು ವರ್ಷ ಸಮುದ್ರದ ತಳದಲ್ಲಿದ್ದರೂ ಎಷ್ಟೋ ಬಟ್ಟಲಿನ ಬಣ್ಣ ಮಾಸಿಲ್ಲ. ಮನೆ ಬದಲಾಯಿಸುವಾಗ ಪಾತ್ರೆ ಕಟ್ಟಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ.

ಆಮೇಲೆ ಹಡಗಿನ ಕಥೆ. ಇಂಡೊನೇಷ್ಯಾದ ಬೆಲಿಟುಂಗ್ ದ್ವೀಪದ ಹತ್ತಿರ, 1998ರಲ್ಲಿ, ಸಮುದ್ರ ಸೌತೆ ಅನ್ನುವ ಜೀವಿಯನ್ನು ಹುಡುಕಲು ಮುಳುಗಿದವರ ಕಣ್ಣಿಗೆ ಇದು ಬಿತ್ತು. ಸಿಕ್ಕಿದ್ದು ಸುಮಾರು 60,000 ವಸ್ತು. ಚಿನ್ನ, ಬೆಳ್ಳಿಯೂ ಇತ್ತು, ಆದರೆ ಬಹುಪಾಲು ಹುನಾನ್ ಪ್ರಾಂತ್ಯದ ಚಾಂಗ್‌ಶಾ ಗೂಡುಗಳಲ್ಲಿ ಸುಟ್ಟ ಬಟ್ಟಲುಗಳೇ. ಹಕ್ಕಿ, ಮೀನು, ಮೋಡ, ಎಲ್ಲ ಕೈಬರಹದಷ್ಟು ಸಲೀಸಾಗಿ ಎಳೆದ ಗೆರೆಗಳು. ಅರಮನೆಯ ಸಾಮಾನಲ್ಲ ಇದು, ಪಶ್ಚಿಮ ಏಷ್ಯಾದ ಮನೆಗಳಿಗೆ ಹೊರಟಿದ್ದ ದಿನಬಳಕೆಯ ಸರಕು. ಒಂದು ಬಟ್ಟಲಿನ ಮೇಲೆ ಸುಡುವ ಮೊದಲೇ ತಾರೀಖು ಕೆತ್ತಿದ್ದಾರೆ: ಬಾವೋಲಿ ಅನ್ನುವ ಆಳ್ವಿಕೆಯ ಎರಡನೇ ವರ್ಷ, ಏಳನೇ ತಿಂಗಳು, ಹದಿನಾರನೇ ದಿನ. ಅಂದರೆ 826. ಆ ಕುಂಬಾರನಿಗೆ ಅವತ್ತೇನು ವಿಶೇಷವಿತ್ತೋ!

ಹೆಸರುಗಳ ಉಚ್ಚಾರ ನನ್ನ ದೊಡ್ಡ ತಲೆನೋವು. ಬರೆದ ಹಾಗೇ ಓದುತ್ತೇವೆ ಅನ್ನುವ ಹೆಮ್ಮೆ ನಮ್ಮದಲ್ಲವೇ, ಹಾಗಾಗಿ ಚೀಟಿಯಲ್ಲಿ ಎಲ್ಲ ಕನ್ನಡದಲ್ಲಿ ಬರೆದುಕೊಂಡಿದ್ದೆ. ಚೀನೀ ಮಾತಿನ ದನಿಯ ಏರಿಳಿತ ತೋರಿಸಲು ನಮ್ಮಲ್ಲಿ ಗುರುತೇ ಇಲ್ಲ. ಟೂರಿನಲ್ಲಿದ್ದ ಒಬ್ಬ ಚೀನೀ ಅಜ್ಜಿ ನಗುತ್ತಾ ಮೂರು ಸಲ ತಿದ್ದಿದರು. ಅವತ್ತಿನಿಂದ ಅಕ್ಷರದ ತಲೆಯ ಮೇಲೆ ಸಣ್ಣ ಬಾಣ ಹಾಕಿಕೊಳ್ಳುತ್ತೇನೆ. ಈಗಲೂ ತಪ್ಪುತ್ತೇನೆ, ಆದರೆ ಮೊದಲಿನಷ್ಟಲ್ಲ.

ಇನ್ನೊಂದು ಪ್ರಶ್ನೆ ಯಾವಾಗಲೂ ಬರುತ್ತದೆ: ಇದು ಲೂಟಿ ಅಲ್ಲವೇ? ಮೊದಲೆಲ್ಲ ಹಾರಿಕೆಯ ಉತ್ತರ ಕೊಡುತ್ತಿದ್ದೆ. ಈಗ ಇದ್ದದ್ದನ್ನೇ ಹೇಳುತ್ತೇನೆ. ಇಂಡೊನೇಷ್ಯಾ ಸರ್ಕಾರದ ಅನುಮತಿ ಪಡೆದ ಖಾಸಗಿ ಕಂಪನಿ ಇದನ್ನು ಎತ್ತಿತು. ಸಂಶೋಧನೆಯ ಕ್ರಮ ಪಾಲಿಸಲಿಲ್ಲ ಅಂತ ಪುರಾತತ್ವದವರು ಆಕ್ಷೇಪಿಸಿದರು, 2011ರಲ್ಲಿ ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಮ್ಯೂಸಿಯಂ ಸಂಸ್ಥೆ ಇದರ ಪ್ರದರ್ಶನವನ್ನೇ ಕೈಬಿಟ್ಟಿತು. ಹೀಗೆ ಬಿಚ್ಚಿ ಹೇಳಿದ ಮೇಲೆ ಜನ ತಮ್ಮತಮ್ಮಲ್ಲೇ ವಾದಕ್ಕಿಳಿಯುತ್ತಾರೆ. ನನಗೆ ಸ್ವಲ್ಪ ವಿಶ್ರಾಂತಿ.

ಕನ್ನಡದವರ ಒಂದು ಗುಂಪನ್ನು ಕರೆದುಕೊಂಡು ಹೋದಾಗ ಮಾತ್ರ ನನ್ನ ಹಳೇ ಚಾಳಿ ಬಿಡಲಾಗಲಿಲ್ಲ, ಇಸವಿ ಎತ್ತಿದೆ. 826 ಅಂದರೆ ಮಾನ್ಯಖೇಟದಲ್ಲಿ ನೃಪತುಂಗ ಆಳುತ್ತಿದ್ದ ಕಾಲ. 851ರ ಸುಮಾರಿನ ಒಂದು ಅರಬ್ಬಿ ಬರಹದಲ್ಲಿ ಜಗತ್ತಿನ ನಾಲ್ಕು ದೊಡ್ಡ ದೊರೆಗಳ ಪಟ್ಟಿ ಇದೆ. ಖಲೀಫ, ಚೀನಾದ ಚಕ್ರವರ್ತಿ, ರೋಮನರ ದೊರೆ, ನಾಲ್ಕನೆಯವನು ಬಲ್ಹರ. ಅರಬರು ರಾಷ್ಟ್ರಕೂಟ ದೊರೆಗಳನ್ನು ಕರೆಯುತ್ತಿದ್ದ ಹೆಸರದು, ವಲ್ಲಭರಾಜ ಅನ್ನುವುದರ ರೂಪ. ಫೋನ್ ನೋಡುತ್ತಿದ್ದ ಹುಡುಗರೂ ತಲೆ ಎತ್ತಿದರು.

ಹಡಗಿನ ಹಲಗೆಗಳಿಗೆ ಮೊಳೆಯೇ ಇರಲಿಲ್ಲ, ಹಗ್ಗದಿಂದ ಹೊಲಿದಿದ್ದರು ಅಂದೆ. ಅದನ್ನು ನೋಡಿ ಒಮಾನಿನವರು ತೆಂಗಿನ ನಾರಿನಲ್ಲಿ ಹೊಲಿದು ಕಟ್ಟಿದ ಹಡಗು 2010ರಲ್ಲಿ ಸಿಂಗಪುರಕ್ಕೆ ತೇಲಿ ಬಂದದ್ದನ್ನೂ ಹೇಳಿದೆ. ಹೊನ್ನಾವರ ಕಡೆಯ ಒಬ್ಬ ಅಮ್ಮ ಸುಮ್ನೆ ಕೇಳುತ್ತಿದ್ದವರು, "ಉಪ್ಪುನೀರಿಗೆ ನಾರೇ ಸರಿ ಕಣಪ್ಪ, ಮೊಳೆ ತುಕ್ಕು ಹಿಡಿಯುತ್ತೆ" ಅಂದರು. ನಾರನ್ನು ನೀರಲ್ಲಿ ಕೊಳೆಹಾಕಿ, ಬಡಿದು, ಹೊಸೆಯುವುದನ್ನು ಕೈಯಲ್ಲೇ ಮಾಡಿ ತೋರಿಸಿದರು. ಇಡೀ ಗುಂಪು ನನ್ನನ್ನು ಬಿಟ್ಟು ಅವರ ಸುತ್ತ ನಿಂತಿತು. ನಾನೂ ಹೋಗಿ ನಿಂತೆ.