ಜೊಂಡಿನ ಶಿಲುಬೆ, ತೆಂಗಿನ ಗರಿಯ ಗಿರಗಟ್ಟಲೆ

ಡಬ್ಲಿನ್ನಿಗೆ ಬಂದ ಮೊದಲ ಮೂರು ವರ್ಷ ನಾನು ಬರೆದ ಕವಿತೆಗಳಲ್ಲೆಲ್ಲ ಬಾಲ್ಯದ ಹಂಬಲವೇ ತುಂಬಿತ್ತು. ತಿಪಟೂರು ಸೀಮೆಯ ನಮ್ಮ ತೆಂಗಿನ ತೋಟ, ಕೆರೆಯ ಏರಿ, ತಾತನ ಕೈ ಎಲ್ಲವೂ ಅವುಗಳಲ್ಲಿದ್ದವು. ಆದರೆ ಯಾವುದೂ ಕಣ್ಣಿಗೆ ಕಟ್ಟುವಂತಿರಲಿಲ್ಲ. ಬೇರೆ ರೀತಿಯಲ್ಲಿ ಬರೆಯುವುದನ್ನು ನಾನು ಕಲಿತದ್ದು ಇಲ್ಲಿನ ಹಳೆಯ ಹಬ್ಬವೊಂದರಿಂದ.

ಫೆಬ್ರವರಿ 1 ಸಂತ ಬ್ರಿಜಿಡ್‌ಳ ದಿನ. ಐರ್ಲೆಂಡಿನ ಹಳೆಯ ಲೆಕ್ಕದಲ್ಲಿ ವಸಂತ ಕಾಲಿಡುವುದೂ ಅಂದೇ, ಮತ್ತು 2023ರಿಂದ ಈ ಹಬ್ಬಕ್ಕೆ ಸಾರ್ವಜನಿಕ ರಜೆಯೂ ಇದೆ. ಕಿಲ್ಡೇರಿನಲ್ಲಿ ಮಠ ಕಟ್ಟಿದ ಈ ಸಂತಳ ಹೆಸರೇ ಕ್ರೈಸ್ತಪೂರ್ವ ಕಾಲದ ದೇವತೆಯೊಬ್ಬಳದೂ ಆಗಿತ್ತು. ಆ ದೇವತೆಯನ್ನು ಕವಿಗಳು ಪೂಜಿಸುತ್ತಿದ್ದರೆಂದು ಹಳೆಯ ಐರಿಷ್ ನಿಘಂಟೊಂದರಲ್ಲಿ ಬರೆದಿದೆ. ಹಬ್ಬದ ಹಿಂದಿನ ಸಂಜೆ ಜೊಂಡುಹುಲ್ಲನ್ನು ತಂದು ಶಿಲುಬೆ ಹೆಣೆದು, ಮನೆಗೆ ಬೆಂಕಿ ತಗುಲದಿರಲೆಂದು ಬಾಗಿಲ ಮೇಲೆ ಸಿಕ್ಕಿಸುವುದು ಇಲ್ಲಿನ ರೂಢಿ. ಹುಲ್ಲನ್ನು ಕತ್ತಿಯಿಂದ ಕೊಯ್ಯಬಾರದು, ಕೈಯಿಂದಲೇ ಕೀಳಬೇಕು ಎಂದು ನಮ್ಮ ಬೀದಿಯ ಹಿರಿಯ ಮಹಿಳೆಯೊಬ್ಬರು ಹೇಳಿಕೊಟ್ಟರು.

ಹೆಣಿಗೆ ನೋಡುವುದಕ್ಕೆ ಸುಲಭ. ಒಂದು ಎಸಳನ್ನು ನೆಟ್ಟಗೆ ಹಿಡಿದು, ಎರಡನೆಯದನ್ನು ನಡುವಿಗೆ ಮಡಚಿ, ಮೊದಲನೆಯದರ ಸುತ್ತ ಬಳಸಿ ತುದಿಗಳು ಬಲಕ್ಕೆ ಬರುವಂತೆ ಇಡಬೇಕು. ಬಳಿಕ ಇಡಿಯದನ್ನು ಎಡಕ್ಕೆ ಕಾಲು ಸುತ್ತು ತಿರುಗಿಸಿ, ಮುಂದಿನ ಎಸಳನ್ನು ಹಾಗೆಯೇ ಮಡಚಿ ಕೂರಿಸುತ್ತಾ ಹೋಗಬೇಕು. ನಡುವಿನ ಚೌಕ ಒಂದು ಕ್ಷಣವೂ ಬೆರಳಿನಿಂದ ಸಡಿಲವಾಗಬಾರದು. ನನ್ನ ಮೊದಲ ಎರಡು ಶಿಲುಬೆಗಳು ಕಟ್ಟುವ ಮೊದಲೇ ಬಿಚ್ಚಿಹೋದವು. ಮೂರನೆಯದು ನಿಂತಿತು, ಮತ್ತು ಅದನ್ನು ತಿರುಗಿಸುವಾಗ ನನ್ನ ಹೆಬ್ಬೆರಳು ಇನ್ನೊಂದು ಹೆಣಿಗೆಯನ್ನು ನೆನೆಯಿತು: ತಾತ ತೆಂಗಿನ ಗರಿಯಲ್ಲಿ ಮಾಡಿಕೊಡುತ್ತಿದ್ದ ಗಿರಗಟ್ಟಲೆ. ಅದರ ನಡುವಿಗೂ ಇಂಥದೇ ಬಿಗಿಯಾದ ಚೌಕವಿತ್ತು, ನಾಲ್ಕು ದಿಕ್ಕಿಗೆ ಇಂಥವೇ ನಾಲ್ಕು ತೋಳು.

ಅಂದು ರಾತ್ರಿಯೇ ಕವಿತೆ ಬರೆದೆ. ಅದೂ ಹಿಂದಿನವುಗಳಂತೆಯೇ ಆಯಿತು, ಏಕೆಂದರೆ ನೆನಪಾದದ್ದು ಆಟಿಕೆಯಾದರೂ ನಾನು ಬರೆದದ್ದು ನನ್ನ ದುಃಖವನ್ನು.

ನನಗೆ ದಾರಿ ತೋರಿಸಿದವು ಎರಡು. ಒಂದು, ಇಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿರುವ, ಫ್ರೆಡ್ರಿಕ್ ವಿಲಿಯಂ ಬರ್ಟನ್ 1864ರಲ್ಲಿ ರಚಿಸಿದ 'ಗೋಪುರದ ಮೆಟ್ಟಿಲ ಮೇಲಿನ ಭೇಟಿ' ಎಂಬ ಜಲವರ್ಣ ಚಿತ್ರ. ಬೆಳಕಿಗೆ ಬಣ್ಣ ಮಾಸದಿರಲೆಂದು ಅದನ್ನು ವಾರಕ್ಕೆ ಕೆಲವೇ ಗಂಟೆ ತೆರೆದಿಡುತ್ತಾರೆ; ಆ ಹೊತ್ತಿಗೆ ಹೊಂದುವಂತೆ ಕೆಲಸದಿಂದ ಬಿಡುವು ಮಾಡಿಕೊಂಡು ನಾನು ಹೋಗುತ್ತೇನೆ. ಸಾವಿಗೆ ಹೊರಟ ಕಾವಲುಗಾರನೂ ರಾಜಕುಮಾರಿಯೂ ಕೊನೆಯ ಬಾರಿ ಎದುರಾಗಿದ್ದಾರೆ, ಆದರೆ ಅವಳು ಮುಖ ತಿರುಗಿಸಿದ್ದಾಳೆ, ಅವನು ಅವಳ ತೋಳಿಗೆ ಮುಖ ಒತ್ತಿದ್ದಾನೆ. ಅಷ್ಟು ದೊಡ್ಡ ಅಗಲಿಕೆಯನ್ನು ಹೇಳಲು ಬರ್ಟನ್ ನೀಲಿ ತೋಳಿನ ಒಂದು ಗೇಣನ್ನೇ ನೆಚ್ಚಿದ್ದಾನೆ. ಅದರ ಮುಂದೆ ನಿಂತಾಗಲೆಲ್ಲ ನನಗೆ ಉಸಿರು ಹಿಡಿದಂತಾಗುತ್ತದೆ.

ಎರಡನೆಯದು ಶಾಲಾಮಕ್ಕಳ ಜಾನಪದ ಸಂಗ್ರಹ. 1937ರಿಂದ 1939ರವರೆಗೆ ಐರ್ಲೆಂಡಿನ 26 ಕೌಂಟಿಗಳಲ್ಲಿ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳು ತಮ್ಮ ಹಿರಿಯರನ್ನು ಕೇಳಿ ಕೇಳಿ ಊರಿನ ಮದ್ದು, ಬೆಣ್ಣೆ ಕಡೆಯುವ ಕ್ರಮ, ಮನೆಯಲ್ಲೇ ಮಾಡಿದ ಆಟಿಕೆ, ಹಬ್ಬದ ನಂಬಿಕೆ ಎಲ್ಲವನ್ನೂ ನೋಟುಪುಸ್ತಕಗಳಲ್ಲಿ ಬರೆದಿಟ್ಟರು. ಅದರ ಪುಟಗಳನ್ನು ಈಗ ಅಂತರ್ಜಾಲದಲ್ಲೇ ಓದಬಹುದು. ಎಷ್ಟೋ ಪುಟಗಳ ಅಡಿಯಲ್ಲಿ ಹೇಳಿದವರ ಹೆಸರು, ವಯಸ್ಸು, ಊರು ಇವೆ. ಹಳಹಳಿಕೆ ಅಲ್ಲಿ ಬಹಳ ಕಡಿಮೆ. ಯಾವ ಮರ, ಎಷ್ಟು ಉದ್ದ, ಯಾರು ಕೆತ್ತಿದರು ಎಂಬುದೇ ಹೆಚ್ಚು. ಬಾಲ್ಯವನ್ನು ಬರೆಯಬೇಕೆನ್ನುವ ಯಾವ ಕವಿಗೂ ಇದಕ್ಕಿಂತ ಒಳ್ಳೆಯ ಪಠ್ಯ ನನಗೆ ತೋರುವುದಿಲ್ಲ.

ಆ ಮಕ್ಕಳ ಪ್ರಶ್ನೆಗಳನ್ನೇ ಹಿಡಿದು ಅಮ್ಮನಿಗೆ ಫೋನು ಮಾಡಿದೆ. ಗಿರಗಟ್ಟಲೆಗೆ ತಾತ ಸೂಜಿ ಚುಚ್ಚುತ್ತಿದ್ದರೆಂದು ನಾನು ಬರೆದಿದ್ದೆ.

"ಸೂಜಿ ಎಲ್ಲಿತ್ತೇ? ಜಾಲಿಮುಳ್ಳು ಅದು. ಬೇಲಿಯಿಂದ ಮುರಿದುಕೊಂಡು ಬಂದು, ತುದಿಯನ್ನು ಕಲ್ಲಿಗೆ ಉಜ್ಜುತ್ತಿದ್ದರು, ನಿನಗೆ ಚುಚ್ಚಬಾರದು ಅಂತ," ಎಂದರು ಅಮ್ಮ.

ಕವಿತೆಯನ್ನು ಆ ಮುಳ್ಳಿನಿಂದಲೇ ಮತ್ತೆ ಆರಂಭಿಸಿದೆ. ಮೂವತ್ತೆಂಟು ಸಾಲುಗಳಿದ್ದದ್ದು ಹದಿನಾಲ್ಕಕ್ಕೆ ಇಳಿಯಿತು. 'ನೆನಪು' ಎಂಬ ಪದ ಒಮ್ಮೆಯೂ ಉಳಿಯಲಿಲ್ಲ. ಈಗ ಬರೆಯುವ ಮುನ್ನ ದಿನವೂ ಒಂದು ವಸ್ತುವಿನ ಬಗ್ಗೆ ಅರ್ಧ ಪುಟ, ಹೇಳಿದವರ ಹೆಸರಿನೊಂದಿಗೆ, ನೋಟುಪುಸ್ತಕದಲ್ಲಿ ಬರೆದುಕೊಳ್ಳುತ್ತೇನೆ. ನಿನ್ನೆಯದು ಅಮ್ಮ ಹೇಳಿದ ಗರಿಯ ಪೀಪಿಯದು: ಸುರುಳಿ ಸುತ್ತುವಾಗ ಬಾಯಿಗಿಡುವ ತುದಿಯನ್ನು ಎಷ್ಟು ಚಪ್ಪಟೆ ಮಾಡಬೇಕೆಂಬುದು ಅವರಿಗೂ ಮರೆತಿದೆ, ಚಿಕ್ಕಪ್ಪನನ್ನು ಕೇಳಿ ಭಾನುವಾರ ತಿಳಿಸುತ್ತಾರಂತೆ.