ಪುಟ್ಟಣ್ಣನವರ ಸಿನಿಮಾಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಹೇಗೆ ನೋಡಬೇಕು

ಮೊದಲಿಗೇ ಹೇಳಿಬಿಡುತ್ತೇನೆ, ‘ನಾಗರಹಾವು’ ಚಿತ್ರದಿಂದ ಶುರು ಮಾಡಬೇಡಿ. ನಿರ್ದೇಶಕ ಪುಟ್ಟಣ್ಣ ಕಣಗಾಲ್ ಎಂದ ಕೂಡಲೇ ಎಲ್ಲರ ಕೈ ಹೋಗುವುದು ಅದಕ್ಕೇ. ರಾಮಾಚಾರಿಯ ಸಿಟ್ಟು, ಚಿತ್ರದುರ್ಗದ ಬಂಡೆ, ಚಾಮಯ್ಯ ಮೇಷ್ಟ್ರು ಎಲ್ಲ ಸೇರಿ ನೋಡುವವರನ್ನು ಹಿಡಿದು ಕೂರಿಸುತ್ತವೆ, ನಿಜ. ಆದರೆ ಅದನ್ನೇ ಮೊದಲು ನೋಡಿದವರು ಪುಟ್ಟಣ್ಣ ಎಂದರೆ ಒಬ್ಬ ಹಟಮಾರಿ ಹುಡುಗನ ಕತೆ ಹೇಳಿದವರು ಎಂದುಕೊಂಡುಬಿಡುತ್ತಾರೆ. ಅವರು ಜೀವಮಾನವೆಲ್ಲ ತಡಕಾಡಿದ್ದು ಹೆಣ್ಣುಮಕ್ಕಳ ಮನಸ್ಸನ್ನು. ಆ ದಾರಿಯಿಂದ ನಡೆದು ಬಂದರೆ ‘ನಾಗರಹಾವು’ ಕೂಡ ಬೇರೆಯಾಗಿ ಕಾಣುತ್ತದೆ.

ನಾನು ಪ್ರೌಢಶಾಲೆಯಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ಹಾಸನದ ನಮ್ಮ ಮನೆಯ ಹಜಾರದಲ್ಲಿ ಭಾನುವಾರ ಮಧ್ಯಾಹ್ನ ಹಳೆಯ ವಿದ್ಯಾರ್ಥಿಗಳು, ಬೀದಿಯ ಕಾಲೇಜು ಹುಡುಗಿಯರು, ನನ್ನ ಸೊಸೆ, ಅವಳ ಜೊತೆ ಕೆಲಸ ಮಾಡುವ ಒಂದಿಬ್ಬರು ಸೇರುತ್ತಾರೆ. ಎಲ್ಲ ಇಪ್ಪತ್ತು, ಮೂವತ್ತರ ಒಳಗಿನವರು. ಅವರಿಗೆ ಪುಟ್ಟಣ್ಣನವರನ್ನು ತೋರಿಸುತ್ತಾ ತೋರಿಸುತ್ತಾ ಒಂದು ಕ್ರಮ ತಾನಾಗಿ ರೂಪುಗೊಂಡಿದೆ. ನಿಮ್ಮ ಮನೆಯಲ್ಲೂ ಹೀಗೆ ಮಾಡಬಹುದು. ಒಬ್ಬರೇ ನೋಡುವವರಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲ ಕೆಲಸ, ಸರಿಯಾದ ಚಿತ್ರವನ್ನು ಹುಡುಕುವುದು. ಸುಲಭ ಅನ್ನಿಸುತ್ತದೆ, ಸುಲಭವಲ್ಲ. ‘ನಾಗರಹಾವು’ ಎಂದು ಹುಡುಕಿದರೆ 2002ರ ಉಪೇಂದ್ರ ಚಿತ್ರ ಬರುತ್ತದೆ, 2016ರ ಇನ್ನೊಂದು ಬರುತ್ತದೆ. ನಮಗೆ ಬೇಕಾದದ್ದು 1972ರದು. ‘ಕಥಾ ಸಂಗಮ’ ಹೆಸರಿನಲ್ಲಿ 2019ರಲ್ಲಿ ಏಳು ಕತೆಗಳ ಹೊಸ ಚಿತ್ರ ಬಂದಿದೆ. ಹಾಗಾಗಿ ಹೆಸರಿನ ಜೊತೆ ವರ್ಷವನ್ನೂ ಬರೆದು ಹುಡುಕಿ. ಇನ್ನೊಂದು ಎಚ್ಚರಿಕೆ: ಹಾಡುಗಳನ್ನು ಕತ್ತರಿಸಿದ ಪ್ರತಿಯನ್ನು ಮುಟ್ಟಬೇಡಿ. ಒಂದೇ ಚಿತ್ರದ ಎರಡು ಮೂರು ಪ್ರತಿ ಸಿಕ್ಕರೆ ಹೆಚ್ಚು ಹೊತ್ತಿನದನ್ನೇ ಆರಿಸಿಕೊಳ್ಳಿ. ಪುಟ್ಟಣ್ಣನವರಲ್ಲಿ ಹಾಡು ಎಂದರೆ ಎದ್ದು ಕಾಫಿಗೆ ಹೋಗುವ ಹೊತ್ತಲ್ಲ. ಪಾತ್ರ ಬಾಯಿಬಿಟ್ಟು ಹೇಳಲಾರದ್ದನ್ನು ಅವರು ಹಾಡಿನಲ್ಲಿ ಹೇಳಿಸುತ್ತಾರೆ.

ಎರಡನೆಯ ಕೆಲಸ, ಕಾದಂಬರಿ. ಅವರ ಮುಖ್ಯ ಚಿತ್ರಗಳೆಲ್ಲ ಬಹುಪಾಲು ಕನ್ನಡ ಕಾದಂಬರಿಗಳಿಂದ ಬಂದವು: ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು., ಭಾರತೀಸುತ, ವಾಣಿ, ಅಶ್ವತ್ಥ. ಎಲ್ಲವನ್ನೂ ಓದಿಯೇ ನೋಡಬೇಕು ಎಂದರೆ ಯಾರೂ ಬರುವುದಿಲ್ಲ. ತ್ರಿವೇಣಿಯವರ ‘ಬೆಳ್ಳಿಮೋಡ’, ‘ಶರಪಂಜರ’ ಎರಡನ್ನಾದರೂ ಓದಿ. ತೆಳ್ಳನೆಯ ಪುಸ್ತಕಗಳು, ಎರಡು ಸಂಜೆ ಸಾಕು.

ಶುರು ಮಾಡಬೇಕಾದದ್ದು ‘ಬೆಳ್ಳಿಮೋಡ’ದಿಂದ, 1967. ಮೈಸೂರು ಜಿಲ್ಲೆಯ ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿದ ಪುಟ್ಟಣ್ಣ ಬಿ.ಆರ್. ಪಂತುಲು ಅವರ ಕೈಕೆಳಗೆ ಪಳಗಿ, ಮಲಯಾಳಂನಲ್ಲಿ ನಿರ್ದೇಶಕರಾಗಿ, ಆಮೇಲೆ ಕನ್ನಡಕ್ಕೆ ಬಂದರು. ಕನ್ನಡದಲ್ಲಿ ಅವರ ಮೊದಲ ಚಿತ್ರ ಇದೇ. ಕತೆ ಇಷ್ಟು: ತೋಟದ ಸಾಹುಕಾರರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗಲಿರುವ ಮೋಹನನನ್ನು ಅವಳ ಅಪ್ಪನೇ ಖರ್ಚು ಹಾಕಿ ಓದಲು ವಿದೇಶಕ್ಕೆ ಕಳಿಸುತ್ತಾರೆ. ಅಷ್ಟರಲ್ಲಿ ಇಂದಿರಾಳಿಗೆ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬರುತ್ತಾನೆ, ಮೋಹನನ ಪ್ರೀತಿ ಕರಗುತ್ತದೆ. ಕೊನೆಯಲ್ಲಿ ಅವನೇ ಪಶ್ಚಾತ್ತಾಪಪಟ್ಟು ಬಂದಾಗ ಇಂದಿರಾ ಒಲ್ಲೆ ಎನ್ನುತ್ತಾಳೆ. 1967ರ ಕನ್ನಡ ಸಿನಿಮಾದಲ್ಲಿ ನಾಯಕಿ ನಾಯಕನನ್ನು ಬೇಡವೆಂದು ಕಳಿಸುತ್ತಾಳೆ! ಈ ‘ಒಲ್ಲೆ’ಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಮುಂದಿನ ಒಂದೊಂದು ಚಿತ್ರದಲ್ಲೂ ತನಗೆ ಬೇಕಾದದ್ದನ್ನು ಬಯಸಿದ ಹೆಣ್ಣು ಏನು ಬೆಲೆ ತೆರುತ್ತಾಳೆ ಎಂಬುದನ್ನೇ ಪುಟ್ಟಣ್ಣ ಮತ್ತೆ ಮತ್ತೆ ಕೇಳುತ್ತಾ ಹೋದರು.

ಈ ಚಿತ್ರದಲ್ಲಿ ಬೇಂದ್ರೆಯವರ ‘ಮೂಡಲ ಮನೆಯ’ ಪದ್ಯವಿದೆ. ನಾನು ತರಗತಿಯಲ್ಲಿ ಆ ಪದ್ಯವನ್ನು ವರ್ಷ ವರ್ಷ ಹೇಳಿಕೊಟ್ಟವಳು. ವಿಜಯಭಾಸ್ಕರ್ ಅವರ ರಾಗದಲ್ಲಿ ಕೇಳಿದ ಮಕ್ಕಳಿಗೆ ಅದನ್ನು ಬಾಯಿಪಾಠ ಮಾಡಿಸಬೇಕಾಗುತ್ತಲೇ ಇರಲಿಲ್ಲ. ಅದಾದ ಮೇಲೆ ‘ಒಡೆಯಿತು ಒಲವಿನ ಕನ್ನಡಿ’ ಬರುವಾಗ ಇಂದಿರಾಳಾಗಿ ನಟಿಸಿದ ಕಲ್ಪನಾ ಅವರ ಮುಖವನ್ನು ಮಾತ್ರ ನೋಡಿ. ಮೊದಲ ಹಾಡಿನ ಬೆಳಗೂ ಈ ಹಾಡಿನ ಕತ್ತಲೂ ಒಂದೇ ಹುಡುಗಿಯವು.

ಎರಡನೆಯದು ‘ಗೆಜ್ಜೆ ಪೂಜೆ’. ಎಂ.ಕೆ. ಇಂದಿರಾ ಅವರ ಕಾದಂಬರಿ. ವೇಶ್ಯಾವೃತ್ತಿಯ ಮನೆಯಲ್ಲಿ ಹುಟ್ಟಿದ ಚಂದ್ರಾ ಓದಬೇಕು, ಮದುವೆಯಾಗಬೇಕು, ಎಲ್ಲರಂತೆ ಬಾಳಬೇಕು ಎಂದು ಬಯಸುತ್ತಾಳೆ. ಅಷ್ಟೇ ಅವಳ ಆಸೆ. ಇದರ ಚಿತ್ರಕತೆಗೆ ಪುಟ್ಟಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ‘ಗಗನವು ಎಲ್ಲೋ ಭೂಮಿಯು ಎಲ್ಲೋ’ ಹಾಡಿನಲ್ಲಿ ಅವಳು ಎಷ್ಟು ಹಗುರವಾಗಿದ್ದಾಳೆ ನೋಡಿಕೊಳ್ಳಿ, ಕೊನೆಯ ಅರ್ಧ ಗಂಟೆ ನಿಮಗೆ ಭಾರವಾಗುವುದು ಅದರಿಂದಲೇ. ನಮ್ಮ ಹಜಾರದಲ್ಲಿ ಈ ಚಿತ್ರ ಮುಗಿದಾಗ ಯಾರೂ ಬೇಗ ಎದ್ದಿಲ್ಲ. ಬೆನ್ನಿಗೇ ಇನ್ನೊಂದು ಚಿತ್ರ ಹಾಕಬೇಡಿ, ಒಂದು ವಾರ ಬಿಡಿ.

ಮೂರನೆಯದಕ್ಕೆ ನಿಧಾನ ಮಾಡಬೇಕು, ಏಕೆಂದರೆ ನನ್ನ ಮಟ್ಟಿಗೆ ಅವರ ಕೆಲಸದ ಶಿಖರ ಇದು: ‘ಶರಪಂಜರ’, 1971. ತ್ರಿವೇಣಿಯವರು ಮನೋವಿಜ್ಞಾನ ಓದಿದವರು. ಬಾಣಂತನದ ನಂತರ ಮನಸ್ಸು ಕೆಟ್ಟ ಕಾವೇರಿಯ ಕತೆಯನ್ನು ಅವರು ಬರೆದ ಕಾಲದಲ್ಲಿ ‘ಹುಚ್ಚು’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ಮುಗಿಸಿಬಿಡುತ್ತಿದ್ದರು. ತ್ರಿವೇಣಿ ತೀರಿಕೊಂಡದ್ದು 1963ರಲ್ಲಿ, ಇನ್ನೂ ಮೂವತ್ತೈದು ತುಂಬಿರಲಿಲ್ಲ. ತಮ್ಮ ಇಂದಿರಾಳನ್ನೂ ಕಾವೇರಿಯನ್ನೂ ಅವರು ತೆರೆಯ ಮೇಲೆ ನೋಡಲೇ ಇಲ್ಲ. ಅದು ನೆನಪಾದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇದನ್ನು ನೋಡುವ ಬಗೆ ಹೀಗೆ. ಮೊದಲರ್ಧದಲ್ಲಿ ‘ಕೊಡಗಿನ ಕಾವೇರಿ’, ಬೇಂದ್ರೆಯವರ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’ ಇವೆ. ಗಂಡ ಹೆಂಡತಿಯ ಸುಖ ಉಕ್ಕಿ ಹರಿಯುತ್ತದೆ. ಆ ಸುಖವನ್ನು ಪೂರ್ತಿ ನಂಬಿ ನೋಡಿ. ಕಾವೇರಿ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಮೇಲೆ ಅವಳನ್ನು ನೋಡುವುದು ಬಿಟ್ಟು ಸುತ್ತಲಿನವರನ್ನು ನೋಡಿ. ಅವಳು ನಕ್ಕರೆ ಅವರ ಮುಖ ಹೇಗಾಗುತ್ತದೆ, ಅವಳ ಬೆನ್ನ ಹಿಂದೆ ಯಾವ ಮಾತು ಓಡಾಡುತ್ತದೆ, ಗಂಡ ಯಾವಾಗ ಕಣ್ಣು ತಪ್ಪಿಸುತ್ತಾನೆ. ಕಾವೇರಿ ವಾಸಿಯಾಗಿದ್ದಾಳೆ, ವಾಸಿಯಾಗದೆ ಉಳಿದದ್ದು ಮನೆ ಮತ್ತು ಬೀದಿ. ‘ಹದಿನಾಲ್ಕು ವರ್ಷ ವನವಾಸದಿಂದ ಮರಳಿ ಬಂದಳು ಸೀತೆ’ ಹಾಡು ಬಂದಾಗ ರಾಮಾಯಣ ಬಲ್ಲವರಿಗೆ ಬೇರೆ ವಿವರಣೆ ಬೇಕಿಲ್ಲ. ಒಬ್ಬಳು ತಾಯಿ ನಮ್ಮ ಜೊತೆ ಕೂತು ಇದನ್ನು ನೋಡಿದಳು, ಬಾಣಂತನ ಮುಗಿಸಿ ಹೆಚ್ಚು ದಿನ ಆಗಿರಲಿಲ್ಲ. ಚಿತ್ರ ಮುಗಿದ ಮೇಲೆ ಅಡುಗೆಮನೆಗೆ ಬಂದು, “ಟೀಚರ್, ಆ ದಿನಗಳಲ್ಲಿ ನನಗೂ ಹಾಗೇ ಆಗಿತ್ತು, ಯಾರಿಗೂ ಹೇಳಿರಲಿಲ್ಲ” ಎಂದಳು. ಗುಂಪಿನಲ್ಲಿ ತೋರಿಸುವಾಗ ಇಂಥವರು ಇರಬಹುದು ಎಂಬುದು ಮನಸ್ಸಿನಲ್ಲಿರಲಿ. ಕತೆ ಏನೆಂದು ಮೊದಲೇ ಹೇಳಿ, ಬೇಡವೆನ್ನುವವರನ್ನು ಒತ್ತಾಯಿಸಬೇಡಿ.

ಈ ಹೊತ್ತಿಗೆ ಹುಡುಗರಿಂದ ಒಂದು ತಕರಾರು ಬಂದೇ ಬರುತ್ತದೆ: ಎಲ್ಲ ಯಾಕೆ ಇಷ್ಟು ಜೋರು? ಕ್ಯಾಮೆರಾ ಯಾಕೆ ಹೀಗೆ ಮುಖದ ಮೇಲೆ ಬಿದ್ದು ನುಗ್ಗುತ್ತದೆ? ತಕರಾರನ್ನು ತಳ್ಳಿಹಾಕಬೇಡಿ. ಪುಟ್ಟಣ್ಣನವರದು ಮೆಲ್ಲಗೆ ಹೇಳುವ ಕಲೆಯಲ್ಲ. ಭಾವ ಏರಿದಾಗ ಅವರು ಕ್ಯಾಮೆರಾವನ್ನೂ ಸಂಗೀತವನ್ನೂ ಒಟ್ಟಿಗೆ ಏರಿಸುತ್ತಾರೆ, ಕಂಪನಿ ನಾಟಕ ಕಂಡ ಪ್ರೇಕ್ಷಕರಿಗೆ ಅದು ಸಹಜವಾಗಿತ್ತು. ಒಂದು ಉಪಾಯ ಹೇಳಿಕೊಡುತ್ತೇನೆ. ಜೋರಾದ ದೃಶ್ಯ ಬಂದಾಗ ಅದಕ್ಕೆ ಸ್ವಲ್ಪ ಮುಂಚಿನ ಮೌನವನ್ನು ಹಿಂದಕ್ಕೆ ಹೋಗಿ ಮತ್ತೆ ನೋಡಿ. ಕಿಟಕಿಯ ಸರಳು, ನೀರು, ಗಾಳಿಗೆ ಬಾಗುವ ಮರ, ಏನಾದರೊಂದು ಅಲ್ಲಿ ಇಟ್ಟಿರುತ್ತಾರೆ. ಅದನ್ನು ಗುರುತಿಸುವುದು ರೂಢಿಯಾದರೆ ಜೋರು ತೊಂದರೆ ಕೊಡುವುದಿಲ್ಲ.

ನಾಲ್ಕನೆಯದು ‘ಎಡಕಲ್ಲು ಗುಡ್ಡದ ಮೇಲೆ’, 1973. ಭಾರತೀಸುತರ ಕಾದಂಬರಿ. ಗಂಡನಿಂದ ದೇಹದ ಸುಖ ಸಿಗದ ಮಾಧವಿ, ಅವಳ ಬದುಕಿನಲ್ಲಿ ಬರುವ ಚಿಕ್ಕ ವಯಸ್ಸಿನ ಗಂಡು. ಐವತ್ತು ವರ್ಷ ಕಳೆದರೂ ಇದನ್ನು ಅಪ್ಪ ಅಮ್ಮನ ಜೊತೆ ಕೂತು ನೋಡಲು ಹಿಂಜರಿಯುವವರಿದ್ದಾರೆ. ಜಯಂತಿಯವರು ‘ವಿರಹ ನೂರು ನೂರು ತರಹ’ ಹಾಡಿನಲ್ಲಿ ಮಾಡಿದ್ದನ್ನು ಇನ್ನೊಬ್ಬ ನಟಿ ಮಾಡಿದ್ದರೆ ಅಶ್ಲೀಲವಾಗಬಹುದಿತ್ತು. ಅವರು ಅದನ್ನು ನೋವಾಗಿಸಿದರು. ಎಸ್. ಜಾನಕಿಯವರ ದನಿಗೂ, ಎಂ. ರಂಗರಾವ್ ಅವರ ಸಂಗೀತಕ್ಕೂ ಇದರಲ್ಲಿ ಪಾಲಿದೆ.

ಈಗ ‘ನಾಗರಹಾವು’ ಹಾಕಿ. ವಿಷ್ಣುವರ್ಧನ್ ನಾಯಕರಾದದ್ದು, ಅಂಬರೀಶ್ ಜಲೀಲನಾಗಿ ಮೊದಲ ಸಲ ಕಾಣಿಸಿಕೊಂಡದ್ದು ಇದರಲ್ಲಿ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪ ಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದೇ ಚಿತ್ರಕ್ಕೆ ಇಳಿಸಿದ್ದಾರೆ. ಲೇಖಕರಿಗೆ ಇದು ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಅವರು ನೊಂದುಕೊಂಡದ್ದು ಪ್ರಸಿದ್ಧ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ತಮ್ಮ ತಮ್ಮ ಕಡೆ ಸರಿ. ಕಾದಂಬರಿಯ ಹರವು ಚಿತ್ರದಲ್ಲಿಲ್ಲ, ಚಿತ್ರದ ಬಂಡೆಗಲ್ಲಿನ ಬಿಸಿ ಕಾದಂಬರಿಯಲ್ಲಿಲ್ಲ.

ನಿಧಾನಗತಿಯಲ್ಲಿ ತೆಗೆದ ‘ಬಾರೆ ಬಾರೆ’ ಹಾಡನ್ನೂ, ಜಯಂತಿ ಒನಕೆ ಓಬವ್ವನಾಗಿ ಬರುವ ‘ಕನ್ನಡ ನಾಡಿನ ವೀರ ರಮಣಿಯ’ ಹಾಡನ್ನೂ ಎಲ್ಲರೂ ಬಲ್ಲರು. ನೀವು ಈ ಸಲ ರಾಮಾಚಾರಿ ಪ್ರೀತಿಸಿದ ಅಲಮೇಲು ಮತ್ತು ಮಾರ್ಗರೇಟ್ ಕಡೆ ನೋಡಿ. ಜಾತಿ ಬೇರೆಯೆಂದು ಗುರು ಶಿಷ್ಯನಿಂದ ತ್ಯಾಗ ಮಾಡಿಸುತ್ತಾರೆ, ಆ ತ್ಯಾಗದ ಬೆಲೆ ತೆರುವವಳು ಅಲಮೇಲು. ಮದುವೆಯಾದ ಗಂಡನೇ ಅವಳನ್ನು ಮಾರಾಟಕ್ಕೆ ಇಡುತ್ತಾನೆ. ಚಾಮಯ್ಯ ಮೇಷ್ಟ್ರನ್ನು ನಾವು ಮೇಷ್ಟ್ರುಗಳೆಲ್ಲ ತಲೆಯ ಮೇಲೆ ಹೊತ್ತು ಮೆರೆಸಿದ್ದೇವೆ. ನಟ ಕೆ.ಎಸ್. ಅಶ್ವತ್ಥ್ ಅವರ ಅಭಿನಯಕ್ಕೆ ಅದು ಸಲ್ಲಬೇಕಾದದ್ದೇ. ಆದರೆ ಆ ಗುರುವಿನ ಒಂದು ಮಾತು ಒಬ್ಬ ಹುಡುಗಿಯ ಬಾಳನ್ನು ಎಲ್ಲಿಗೆ ಒಯ್ದಿತು ಎಂಬ ಪ್ರಶ್ನೆಯನ್ನು ಪುಟ್ಟಣ್ಣ ಚಿತ್ರದೊಳಗೇ ಇಟ್ಟಿದ್ದಾರೆ. ‘ಬೆಳ್ಳಿಮೋಡ’ದಿಂದ ಬಂದವರಿಗೆ ಮಾತ್ರ ಅದು ನೇರ ಕಣ್ಣಿಗೆ ಬೀಳುತ್ತದೆ.

ಚಿತ್ರ ಮುಗಿದ ಮೇಲೆ ಒಂದು ಪ್ರಶ್ನೆ ಹಾಕಿ, ನಾನು ಹಾಕುತ್ತೇನೆ: ಚಂದ್ರಾ, ಕಾವೇರಿ, ಮಾಧವಿ, ಮಾರ್ಗರೇಟ್, ಇಷ್ಟೂ ಜನಕ್ಕೆ ಸಾವೋ ಹುಚ್ಚೋ ಏಕೆ? ಸಮಾಜ ಹಾಗಿತ್ತು, ಅದನ್ನು ತೋರಿಸಿದರು ಎನ್ನುವವರಿದ್ದಾರೆ. ಬಯಸಿದ ಹೆಣ್ಣಿಗೆ ನಿರ್ದೇಶಕರೇ ಶಿಕ್ಷೆ ಕೊಟ್ಟರು ಎನ್ನುವವರೂ ಇದ್ದಾರೆ. ನನ್ನ ಸೊಸೆ ಎರಡನೆಯ ಪಕ್ಷ, ನಾನು ಮೊದಲನೆಯದು. ಚಂದ್ರಾಳ ಸಾವಿನಲ್ಲಿ ನನಗೆ ಕಾಣುವುದು ಊರಿನ ಮೇಲಿನ ಕೋಪ. ಮಾಧವಿಯ ವಿಷಯಕ್ಕೆ ಬಂದರೆ ಸೊಸೆಯ ಮಾತಿನಲ್ಲಿ ಹುರುಳಿದೆ ಎಂದು ಒಪ್ಪುತ್ತೇನೆ.

ಇಷ್ಟಾದ ಮೇಲೆ ಮನಸ್ಸಿಗೆ ಸ್ವಲ್ಪ ತಂಪು ಬೇಕು. ‘ಶುಭಮಂಗಳ’ ಹಾಕಿ, 1975. ವಾಣಿಯವರ ಕಾದಂಬರಿ, ಶ್ರೀನಾಥ್, ಆರತಿ, ‘ಸ್ನೇಹದ ಕಡಲಲ್ಲಿ’. ಮಾತಿಲ್ಲದೆ ನೋಡಿ ಮುಗಿಸಬಹುದು.

‘ಕಥಾ ಸಂಗಮ’, 1976, ಗುಂಪಿಗೆ ಹೇಳಿ ಮಾಡಿಸಿದ ಚಿತ್ರ. ಗಿರಡ್ಡಿ ಗೋವಿಂದರಾಜ, ವೀಣಾ ಶಾಂತೇಶ್ವರ, ಈಶ್ವರಚಂದ್ರ ಅವರ ಮೂರು ಸಣ್ಣಕತೆಗಳು, ‘ಹಂಗು’, ‘ಅತಿಥಿ’, ‘ಮುನಿತಾಯಿ’. ಒಂದೊಂದು ಕತೆ ಮುಗಿದಾಗ ನಿಲ್ಲಿಸಿ ಮಾತಾಡಬಹುದು. ‘ಮುನಿತಾಯಿ’ಯಲ್ಲಿ ರಜನೀಕಾಂತ್ ಇದ್ದಾರೆ, ಅವರ ಮೊದಲ ಕನ್ನಡ ಚಿತ್ರ. ಕಣ್ಣಿಲ್ಲದ ಹೆಣ್ಣಾಗಿ ಆರತಿ. ಕತೆಯಲ್ಲಿ ಅತ್ಯಾಚಾರವಿರುವುದರಿಂದ ಚಿಕ್ಕ ಮಕ್ಕಳನ್ನು ಕೂರಿಸಬೇಡಿ.

ಕೊನೆಯ ಹಂತ ಎಂಬತ್ತರ ದಶಕ. ‘ರಂಗನಾಯಕಿ’ ಕಂಪನಿ ನಾಟಕದ ನಟಿಯ ಕತೆ. ಹೆತ್ತ ಮಗನೇ ತಾಯಿಯೆಂದು ತಿಳಿಯದೆ ಅವಳಿಗೆ ಮನಸೋಲುವ ಇಕ್ಕಟ್ಟಿನವರೆಗೂ ಹೋಗುತ್ತದೆ. ‘ಮಾನಸ ಸರೋವರ’ದಲ್ಲಿ ಮನಸ್ಸಿನ ಕಾಯಿಲೆ ಮತ್ತೆ ಬರುತ್ತದೆ, ಈ ಸಲ ವೈದ್ಯನ ಕಡೆಯಿಂದ. ‘ಶರಪಂಜರ’ದ ಜೊತೆ ಇಟ್ಟು ನೋಡಿ. ಜಿ.ಎಸ್. ಶಿವರುದ್ರಪ್ಪನವರ ‘ಹಾಡು ಹಳೆಯದಾದರೇನು’, ‘ವೇದಾಂತಿ ಹೇಳಿದನು’ ಎರಡೂ ಇದರಲ್ಲಿವೆ, ಪದ್ಯಗಳನ್ನು ಮೊದಲು ಓದಿಸಿದರೆ ಚೆನ್ನ. ‘ಮಸಣದ ಹೂವು’ ಮುಗಿಯುವ ಮೊದಲೇ, 1985ರ ಜೂನ್ 5ರಂದು, ಪುಟ್ಟಣ್ಣ ತೀರಿಕೊಂಡರು. ಉಳಿದದ್ದನ್ನು ಕೆ.ಎಸ್.ಎಲ್. ಸ್ವಾಮಿ ಪೂರ್ತಿ ಮಾಡಿದರು. ಹಾಗಾಗಿ ಅದನ್ನು ಪಟ್ಟಿಯ ತುದಿಯಲ್ಲೇ ಇಡಿ, ಮುಂಚೆ ನೋಡಬೇಡಿ.

ಮನೆಯಲ್ಲಿ ಹಿರಿಯರಿದ್ದು “ಇಷ್ಟೆಲ್ಲ ಆಯ್ತು, ರಾಜ್‌ಕುಮಾರ್ ಎಲ್ಲಿ?” ಎಂದು ಕೇಳಿದರೆ ಅದಕ್ಕೂ ದಾರಿಯಿದೆ. ‘ಮಲ್ಲಮ್ಮನ ಪವಾಡ’, ‘ಕರುಳಿನ ಕರೆ’, ‘ಸಾಕ್ಷಾತ್ಕಾರ’ ಈ ಮೂರರಲ್ಲಿ ಇಬ್ಬರೂ ಜೊತೆಗಿದ್ದಾರೆ. ಒಂದೇ ನೋಡುವಷ್ಟು ಹೊತ್ತಿದ್ದರೆ ‘ಸಾಕ್ಷಾತ್ಕಾರ’ ನೋಡಿ. ಪೃಥ್ವಿರಾಜ್ ಕಪೂರ್ ಕನ್ನಡ ಚಿತ್ರದಲ್ಲಿ ನಟಿಸಿದ್ದಾರೆ ಎಂದರೆ ಹುಡುಗರು ನಂಬುವುದಿಲ್ಲ, ನೋಡಿಯೇ ನಂಬಲಿ. ‘ಒಲವೆ ಜೀವನ ಸಾಕ್ಷಾತ್ಕಾರ’ ಬರೆದವರು ಪುಟ್ಟಣ್ಣನವರ ಅಣ್ಣ ಕಣಗಾಲ್ ಪ್ರಭಾಕರ ಶಾಸ್ತ್ರಿಗಳು ಎಂಬುದನ್ನು ಹಾಡು ಶುರುವಾಗುವ ಮೊದಲೇ ಹೇಳಿಬಿಡಿ, ಶುರುವಾದ ಮೇಲೆ ಹಿರಿಯರು ಮಾತಾಡಲು ಬಿಡುವುದಿಲ್ಲ.