ಶಬರಿಯೋ, ಟಿವಿಯ ಬ್ರಾಂಡೋ: ನಮ್ಮ ಅಡುಗೆಮನೆಯ ಲೆಕ್ಕ

ಕಾಸರಗೋಡಿನ ಕುಂಬಳೆ ಕಡೆ ತಿಂಗಳ ಸಾಮಾನು ತರುವವರಿಗೆ ಈಗ ಎಲ್ಲಿ ಹೋದರೂ ಎರಡು ಬಗೆಯ ಪ್ಯಾಕೆಟ್ ಕಾಣುತ್ತದೆ. ಒಂದು, ಟಿವಿಯಲ್ಲಿ ನೋಡಿ ನೋಡಿ ಹೆಸರು ಬಾಯಿಗೆ ಬಂದದ್ದು. ಇನ್ನೊಂದು, ಅಂಗಡಿಯವರ ಸ್ವಂತ ಬ್ರಾಂಡ್. ಮಾವೇಲಿ ಸ್ಟೋರಿನಲ್ಲಿ ಅದು ಶಬರಿ. ಮಂಗಳೂರಿನ ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಅವರವರದ್ದೇ ಬೇರೆ ಬೇರೆ ಹೆಸರು. ಸ್ವಂತ ಬ್ರಾಂಡಿನ ರೇಟು ಸಾಧಾರಣ ಕಡಿಮೆಯೇ ಇರುತ್ತದೆ. ಆದರೆ ಅದು ನಿಜವಾಗಿ ಕಡಿಮೆಗೆ ಬೀಳುತ್ತದಾ ಅನ್ನುವುದು ಅಂಗಡಿಯಲ್ಲಿ ನಿಂತು ಗೊತ್ತಾಗುವುದಿಲ್ಲ. ಒಲೆ ಮೇಲೆ ಇಟ್ಟ ಮೇಲೆಯೇ ಗೊತ್ತಾಗುವುದು. ಹಾಗಾಗಿ ನಾನು ಒಂದೊಂದೇ ಸಾಮಾನನ್ನು ಎರಡೂ ಕಡೆಯದ್ದು ತಂದು, ಮನೆಯಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತಾ ಬಂದೆ.

ಮಾವೇಲಿ ಸ್ಟೋರ್ ಗೊತ್ತಿಲ್ಲದವರಿಗೆ ಎರಡು ಮಾತು. ಅದು ಸಪ್ಲೈಕೋ, ಅಂದರೆ ಕೇರಳ ಸರ್ಕಾರದ ಸಿವಿಲ್ ಸಪ್ಲೈಸ್ ನಿಗಮದ ಅಂಗಡಿ. ನಿಗಮ ಶುರುವಾದದ್ದು 1974ರಲ್ಲಿ. ಅಲ್ಲಿ ಸಿಗುವ ಸಾಮಾನಿನಲ್ಲಿ ಎರಡು ಬಗೆ ಇದೆ, ಅದನ್ನು ಬೇರೆ ಮಾಡಿ ನೋಡದಿದ್ದರೆ ಹೋಲಿಕೆಯೇ ತಪ್ಪುತ್ತದೆ. ಅಕ್ಕಿ, ಬೇಳೆ, ಕಡಲೆ, ಸಕ್ಕರೆ, ಮೆಣಸು, ಕೊತ್ತಂಬರಿ ಅಂತ 13 ಸಾಮಾನಿಗೆ ಸಬ್ಸಿಡಿ ಉಂಟು. ಅದಕ್ಕೆ ರೇಷನ್ ಕಾರ್ಡ್ ಬೇಕು, ಇಂತಿಷ್ಟೇ ಅಂತ ಮಿತಿಯೂ ಉಂಟು. ಶಬರಿ ಚಾ ಹುಡಿ, ಮಸಾಲೆ ಹುಡಿ, ಸಾಬೂನು ಇದೆಲ್ಲ ಸ್ವಂತ ಬ್ರಾಂಡ್. ಅದನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ತೆಂಗಿನೆಣ್ಣೆ ಮಾತ್ರ ಎರಡೂ ಪಂಗಡಕ್ಕೆ ಸೇರುತ್ತದೆ.

ಮೊದಲು ಹೋಲಿಸುವ ಅಗತ್ಯವೇ ಇರಲಿಲ್ಲ. ಸಬ್ಸಿಡಿ ರೇಟು 2016ರಿಂದ ಹಾಗೇ ನಿಂತಿತ್ತು. 2024ರ ಫೆಬ್ರವರಿಯಲ್ಲಿ ಅದನ್ನು ಬದಲಾಯಿಸಿ, ಮಾರ್ಕೆಟ್ ರೇಟಿಗಿಂತ ಶೇಕಡಾ 35 ಕಡಿಮೆ ಅಂತ ಲೆಕ್ಕ ಮಾಡಿದರು. ಕಿಲೊಗೆ 65 ರೂಪಾಯಿ ಇದ್ದ ತೊಗರಿಬೇಳೆ 111 ಆಯಿತು. 22 ಇದ್ದ ಸಕ್ಕರೆ 27 ಆಯಿತು. ಈಗಲೂ ಹೊರಗಿಗಿಂತ ಕಡಿಮೆಯೇ. ಆದರೆ ಯೋಚನೆ ಮಾಡದೆ ಚೀಲಕ್ಕೆ ಹಾಕಿಕೊಳ್ಳುವ ಕಾಲ ಹೋಯಿತು.

ಬೇಳೆಯನ್ನು ನೋಡಿದ್ದು ಹೀಗೆ. ಕುಕ್ಕರಿನ ಒಳಗೆ ಇಡುವ ಎರಡು ಪಾತ್ರೆ ತೆಗೆದುಕೊಂಡೆ. ಒಂದರಲ್ಲಿ ಸಬ್ಸಿಡಿ ತೊಗರಿಬೇಳೆ, ಇನ್ನೊಂದರಲ್ಲಿ ಹೆಸರುವಾಸಿ ಬ್ರಾಂಡಿನದ್ದು. ಎರಡೂ 100 ಗ್ರಾಂ, ತಕ್ಕಡಿಯಲ್ಲಿ ತೂಗಿದ್ದು. ಅಳತೆ ಮಾಡಿ ಒಂದೇ ನೀರು. ಒಂದೇ ಕುಕ್ಕರ್, ಹಾಗಾಗಿ ಬೆಂಕಿಯೂ ಸೀಟಿಯೂ ಒಂದೇ. ತೆಗೆದು ನೋಡಿದರೆ ಬ್ರಾಂಡಿನ ಬೇಳೆ ಒಂದೇ ಗಾತ್ರ, ಒಂದೇ ಬಣ್ಣ, ನೋಡಲಿಕ್ಕೆ ಚಂದ. ಸಬ್ಸಿಡಿಯದ್ದರಲ್ಲಿ ತುಂಡು ಜಾಸ್ತಿ ಇತ್ತು, ಅಲ್ಲಲ್ಲಿ ಸಿಪ್ಪೆ ಅಂಟಿದ್ದೂ ಇತ್ತು. ಸೌಟಿನಲ್ಲಿ ಕಡೆದ ಮೇಲೆ? ವ್ಯತ್ಯಾಸವೇ ಇಲ್ಲ. ತುಂಡು ಬೇಳೆ ಇನ್ನೂ ಬೇಗ ಕರಗಿತು. ಹುಳಿಗೆ, ಸಾರಿಗೆ ನಾವು ಬೇಳೆಯನ್ನು ಹೇಗೂ ಕಡೆಯುತ್ತೇವೆ. ಮತ್ತೆ ಇಡೀ ಬೇಳೆಯ ಚಂದಕ್ಕೆ ಯಾಕೆ ದುಡ್ಡು ಕೊಡಬೇಕು? ಆರಿಸಲಿಕ್ಕೆ ಐದು ನಿಮಿಷ ಜಾಸ್ತಿ ಬೇಕು, ಅಷ್ಟೇ. ಒಗ್ಗರಣೆಗೆ ಹಾಕುವ ಉದ್ದಿನಬೇಳೆಗೂ ಇದೇ ಮಾತು. ದೋಸೆಗೆ ನೆನೆಹಾಕುವ ಉದ್ದು ಮಾತ್ರ ಬೇರೆ. ಅದು ಹಳೆಯದಾದರೆ ಹಿಟ್ಟು ಉಬ್ಬುವುದಿಲ್ಲ. ಅದಕ್ಕೆ ಪ್ಯಾಕ್ ಮಾಡಿದ ತಾರೀಕು ನೋಡಿ, ಹೊಸದು ಎಲ್ಲಿದೆಯೋ ಅಲ್ಲಿಂದ ತರುತ್ತೇನೆ. ಬ್ರಾಂಡ್ ನೋಡುವುದಿಲ್ಲ.

ಅಕ್ಕಿ ವಿಷಯ ಬೇಗ ಮುಗಿಯುತ್ತದೆ. ಜಯ, ಕುರುವ, ಮಟ್ಟ, ಎಲ್ಲವೂ ಕುಚ್ಚಲಕ್ಕಿಯೇ. ಮಟ್ಟ ಬೇಯಲಿಕ್ಕೆ ಹೊತ್ತು ಬೇಕು, ಗ್ಯಾಸ್ ಉರಿಯುತ್ತದೆ. ಸೌದೆ ಒಲೆ ಇರುವ ಮನೆಗೆ ಅದು ಸರಿ. ನಮಗೆ ಕುರುವ ಸಾಕು.

ತೆಂಗಿನೆಣ್ಣೆಗೆ ಬರುತ್ತೇನೆ. ನನಗೆ ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಕಡೆ ಎಣ್ಣೆ ಅಂದರೆ ತೆಂಗಿನೆಣ್ಣೆ, ಮತ್ತೊಂದು ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಮನೆಯವರಿಗೆ ಮೂಗಿಗೇ ಗೊತ್ತಾಗುತ್ತದೆ. 2025ರಲ್ಲಿ ಲೀಟರಿಗೆ 400 ದಾಟಿದಾಗ ಎಲ್ಲರೂ ಕಡಿಮೆ ರೇಟಿನದ್ದು ಹುಡುಕಲು ಶುರು ಮಾಡಿದರು. ಕಲಬೆರಕೆಗೆ ಅದೇ ಒಳ್ಳೆಯ ಸಮಯ. 2018ರಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಹತ್ತಾರು ಬ್ರಾಂಡಿನ ತೆಂಗಿನೆಣ್ಣೆಯನ್ನು ಒಟ್ಟಿಗೆ ನಿಷೇಧಿಸಿತ್ತು. ತೆಂಗು ಬೆಳೆಗಾರರ ಸಹಕಾರಿ ಒಕ್ಕೂಟವಾದ ಕೇರಾಫೆಡ್‌ನ ‘ಕೇರ’ ಹೆಸರನ್ನೇ ಹಿಂದೆ ಮುಂದೆ ಮಾಡಿ ಇಟ್ಟ ಹೆಸರುಗಳೂ ಅದರಲ್ಲಿದ್ದವು. ಪ್ಯಾಕೆಟಿನ ಮೇಲೆ ತೆಂಗಿನಮರದ ಚಿತ್ರ ಇದ್ದರೆ ಒಳಗೆ ತೆಂಗಿನೆಣ್ಣೆಯೇ ಇದೆ ಅಂತ ನಂಬುವ ಹಾಗಿಲ್ಲ.

ಇದಕ್ಕೆ ನನ್ನ ಮೊದಲ ಲೆಕ್ಕ ಕೊಬ್ಬರಿಯ ರೇಟಿನದ್ದು. ನಮ್ಮ ತೋಟದ ಕಾಯಿಯನ್ನು ಒಣಗಿಸಿ ಮಿಲ್ಲಿಗೆ ಕೊಡುವ ಅಭ್ಯಾಸ ಇದ್ದುದರಿಂದ ಇದು ಗೊತ್ತು. ಚೆನ್ನಾಗಿ ಒಣಗಿದ ಒಂದು ಕಿಲೊ ಕೊಬ್ಬರಿಯಿಂದ 600 ಗ್ರಾಮಿಗಿಂತ ಸ್ವಲ್ಪ ಮೇಲೆ ಎಣ್ಣೆ ಬರುತ್ತದೆ. ಅಂದರೆ ಕೊಬ್ಬರಿ ಕಿಲೊಗೆ 200 ಇದ್ದರೆ, ಒಂದು ಕಿಲೊ ಎಣ್ಣೆಗೆ ಕೊಬ್ಬರಿಯದ್ದೇ 320ರ ಆಸುಪಾಸು ಆಯಿತು. ಹಿಂಡಿ ಮಾರಿದರೆ ಸ್ವಲ್ಪ ವಾಪಸ್ ಬರಬಹುದು. ಆದರೆ ಮಿಲ್ಲಿನ ಕೂಲಿ, ಪ್ಯಾಕೆಟ್, ಸಾಗಾಟ, ಅಂಗಡಿಯವರ ಲಾಭ ಎಲ್ಲ ಇನ್ನೂ ಸೇರಬೇಕು. ಹಾಗಿರುವಾಗ ಯಾರಾದರೂ 250ಕ್ಕೆ ಕೊಟ್ಟರೆ ಅದು ಎಲ್ಲಿಂದ ಬಂತು ಅಂತ ಕೇಳಲೇಬೇಕು, ಅಲ್ವಾ? ಶಬರಿಯ ಸಬ್ಸಿಡಿ ಎಣ್ಣೆ ಕಡಿಮೆಗೆ ಸಿಗುವುದಕ್ಕೆ ಕಾರಣ ಇದೆ, ವ್ಯತ್ಯಾಸದ ದುಡ್ಡನ್ನು ಸರ್ಕಾರ ಹಾಕುತ್ತದೆ. ಖಾಸಗಿ ಪ್ಯಾಕೆಟಿಗೆ ಆ ಕಾರಣ ಇಲ್ಲ.

ಆಮೇಲೆ ಫ್ರಿಜ್. ಪಾರದರ್ಶಕ ಗಾಜಿನ ಲೋಟಕ್ಕೆ ಎಣ್ಣೆ ಹಾಕಿ ಅರ್ಧ ಗಂಟೆ ಫ್ರಿಜ್ಜಿನ ಒಳಗೆ ಇಡಬೇಕು, ಫ್ರೀಜರಿನಲ್ಲಿ ಅಲ್ಲ. ಇದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಹೇಳಿಕೊಟ್ಟ ಪರೀಕ್ಷೆಯೇ. ತೆಂಗಿನೆಣ್ಣೆ 24 ಡಿಗ್ರಿ ಆಸುಪಾಸಿನಲ್ಲೇ ಗಟ್ಟಿಯಾಗುವುದರಿಂದ ಲೋಟದಲ್ಲಿ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಬೇರೆ ಎಣ್ಣೆ ಬೆರೆತಿದ್ದರೆ ಅದು ನೀರಾಗಿಯೇ ಪ್ರತ್ಯೇಕ ಪದರವಾಗಿ ನಿಲ್ಲುತ್ತದೆ. ಶಬರಿಯದ್ದು, ಒಂದು ದೊಡ್ಡ ಬ್ರಾಂಡಿನದ್ದು, ನಮ್ಮ ಮಿಲ್ಲಿನದ್ದು ಮೂರನ್ನೂ ಸಾಲಾಗಿ ಇಟ್ಟೆ. ಮೂರೂ ಗಟ್ಟಿಯಾಯಿತು. ಪರಿಮಳದಲ್ಲಿ ಮಿಲ್ಲಿನದ್ದೇ ಮುಂದೆ, ಅದರಲ್ಲಿ ಅನುಮಾನ ಇಲ್ಲ. ಉಳಿದ ಎರಡರ ನಡುವೆ ನನಗೆ ವ್ಯತ್ಯಾಸ ಸಿಗಲಿಲ್ಲ. ಒಂದು ಮಾತು ನೆನಪಿಡಿ. ತಾಳೆಬೀಜದ ಎಣ್ಣೆಯೂ ಸುಮಾರು ಇದೇ ಉಷ್ಣತೆಯಲ್ಲಿ ಗಟ್ಟಿಯಾಗುತ್ತದೆ. ಅದನ್ನು ಬೆರೆಸಿದರೆ ಫ್ರಿಜ್ ಹಿಡಿಯಲಾರದು. ಅದಕ್ಕೇ ಕೊಬ್ಬರಿ ರೇಟಿನ ಲೆಕ್ಕವನ್ನು ಬಿಡಬಾರದು.

ಎಣ್ಣೆಯಲ್ಲೇ ಇನ್ನೊಂದು ಸಂಗತಿ ಇದೆ. ಮೊದಲು ಪ್ಯಾಕೆಟ್ ಇಂತಿಷ್ಟೇ ತೂಕದ್ದು ಇರಬೇಕು ಅಂತ ನಿಯಮ ಇತ್ತು. 2022ರಲ್ಲಿ ಅದು ಹೋಯಿತು. ಈಗ ಒಂದು ಲೀಟರಿನ ಹಾಗೆ ಕಾಣುವ ಪ್ಯಾಕೆಟಿನಲ್ಲಿ 850 ಮಿಲಿಲೀಟರ್ ಇರಬಹುದು. ಲೀಟರ್ ಅಂತ ಬರೆದದ್ದನ್ನೂ ಕಿಲೊ ಅಂತ ಬರೆದದ್ದನ್ನೂ ನೇರವಾಗಿ ಹೋಲಿಸಬಾರದು. ಒಂದು ಲೀಟರ್ ತೆಂಗಿನೆಣ್ಣೆ ತೂಗಿದರೆ 910 ಗ್ರಾಂ ಆಸುಪಾಸು ಬರುತ್ತದೆ. ಈಗ ಪ್ಯಾಕೆಟಿನಲ್ಲಿ ಗ್ರಾಮಿಗೆ ಎಷ್ಟು, ಮಿಲಿಲೀಟರಿಗೆ ಎಷ್ಟು ಅಂತ ಸಣ್ಣ ಅಕ್ಷರದಲ್ಲಿ ಅಚ್ಚು ಮಾಡಿರುತ್ತಾರೆ. ನಾನು ಮೊದಲು ಹುಡುಕುವುದು ಅದನ್ನೇ. ‘ಆಫರ್’ ಅಂತ ದೊಡ್ಡದಾಗಿ ಬರೆದದ್ದನ್ನು ಆಮೇಲೆ ನೋಡಿದರಾಯಿತು.

ಹುಡಿಗಳಲ್ಲಿ ಮಾತ್ರ ಸ್ವಂತ ಬ್ರಾಂಡ್ ಅಂತ ಹೇಳಿ ಎಲ್ಲವನ್ನೂ ಒಪ್ಪಲಿಕ್ಕೆ ಆಗುವುದಿಲ್ಲ. ಬೇಳೆ ಕಣ್ಣಿಗೆ ಕಾಣುತ್ತದೆ, ಹುಡಿಯಲ್ಲಿ ಏನಿದೆ ಅಂತ ಕಾಣುವುದಿಲ್ಲ. ಮಂಗಳೂರಿನ ಒಂದು ಸೂಪರ್‌ಮಾರ್ಕೆಟಿನ ಸ್ವಂತ ಬ್ರಾಂಡಿನ ಸಾಂಬಾರು ಹುಡಿ ಹಾಕಿ ಹುಳಿ ಮಾಡಿದ ದಿನ ಅತ್ತೆ ಒಂದು ತುತ್ತು ಉಂಡು ಕೇಳಿದರು, “ಇದಕ್ಕೆ ಎಂತ ಹುಡಿ ಹಾಕಿದ್ದು? ಪರಿಮಳವೇ ಇಲ್ಲ.” ಪ್ಯಾಕೆಟ್ ತಿರುಗಿಸಿ ನೋಡಿದೆ. ಯಾವುದು ಜಾಸ್ತಿ ತೂಕದಲ್ಲಿದೆಯೋ ಅದನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಅದರಲ್ಲಿ ಕೊತ್ತಂಬರಿಯ ಬೆನ್ನಿಗೇ ಕಡಲೆಹಿಟ್ಟು, ಆಮೇಲೆ ಉಪ್ಪು, ಮೆಂತೆ ಎಲ್ಲೋ ಕೊನೆಯಲ್ಲಿ. ಉಪ್ಪು ಎಷ್ಟು ಅಂತ ತಿಳಿಯುವುದಕ್ಕೆ ಒಂದು ದಾರಿ ಉಂಟು. ಸೋಡಿಯಂ ಎಷ್ಟು ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ. 100 ಗ್ರಾಮಿನಲ್ಲಿ 4000 ಮಿಲಿಗ್ರಾಂ ಸೋಡಿಯಂ ಇದ್ದರೆ ಸುಮಾರು 10 ಗ್ರಾಂ ಉಪ್ಪು. ಮಸಾಲೆಯ ರೇಟಿನಲ್ಲಿ ಉಪ್ಪು ಕೊಂಡ ಹಾಗೆ ಆಯಿತಲ್ಲ! ಅಂಥ ಹುಡಿ ಎರಡು ಚಮಚದ ಕಡೆ ಮೂರು ಹಾಕಬೇಕಾಗುತ್ತದೆ. ಪ್ಯಾಕೆಟ್ ಕಡಿಮೆಗೆ ಸಿಕ್ಕಿದರೂ ಹುಳಿ ಕಡಿಮೆಗೆ ಆಗಲಿಲ್ಲ.

ಅದಕ್ಕೆ ಈಗ ನಾನು ಇಡೀ ಕೊತ್ತಂಬರಿ, ಮೆಣಸು ಸಬ್ಸಿಡಿಯದ್ದು ತಂದು ಮನೆಯಲ್ಲೇ ಹುರಿದು ಹುಡಿ ಮಾಡುತ್ತೇನೆ. ಸಬ್ಸಿಡಿ ಮೆಣಸು ಖಾರ ಜಾಸ್ತಿ, ಬಣ್ಣ ಕಡಿಮೆ. ಕಾಯಿ ಅರೆದು ಮಾಡುವ ಕೊದ್ದೆಲಿಗೆ ಬೇಕಾದ ಕೆಂಪು ಅದರಿಂದ ಬರುವುದಿಲ್ಲ. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಇದು ಹಾಕಿದರೆ ಖಾರವೂ ಬಣ್ಣವೂ ಸರಿಯಾಗುತ್ತದೆ. ಅರಸಿನ ಹುಡಿ, ಮೆಣಸಿನ ಹುಡಿ ಅಂತ ಒಂದೇ ಪದಾರ್ಥದ್ದು ಕೊಳ್ಳಬೇಕಾದರೆ ಶಬರಿ ಆಗಬಹುದು. ಬೆರಕೆ ಹುಡಿ ಯಾರದ್ದೇ ಆದರೂ ಪದಾರ್ಥದ ಪಟ್ಟಿ ಓದದೆ ತರುವುದಿಲ್ಲ.

ಸ್ವಂತ ಬ್ರಾಂಡ್ ಅಂದರೆ ಅಂಗಡಿಯವರೇ ಮಾಡಿದ್ದು ಅಂತ ತುಂಬ ಜನ ತಿಳಿದಿದ್ದಾರೆ. ಸಾಧಾರಣವಾಗಿ ಹಾಗಲ್ಲ. ಬೇರೆ ಮಿಲ್ಲಿನವರು, ಪ್ಯಾಕ್ ಮಾಡುವವರು ಮಾಡಿ ಕೊಡುತ್ತಾರೆ. ಸಪ್ಲೈಕೋ ಟೆಂಡರ್ ಕರೆದು ತೆಗೆದುಕೊಳ್ಳುತ್ತದೆ. ಜಾಹೀರಾತಿನ ಖರ್ಚು, ನಡುವಿನ ಏಜೆಂಟರ ಪಾಲು ಉಳಿಯುವುದರಿಂದ ರೇಟು ಇಳಿಯುತ್ತದೆ. ಪ್ಯಾಕೆಟಿನ ಹಿಂದೆ ಎಫ್‌ಎಸ್‌ಎಸ್‌ಎಐಯ 14 ಅಂಕಿಯ ಲೈಸೆನ್ಸ್ ನಂಬರ್ ಇರುತ್ತದೆ. ಮಾಡಿದವರದ್ದು ಬೇರೆ, ಮಾರುವವರದ್ದು ಬೇರೆ ಇದ್ದರೆ ಮಾಡಿದವರದ್ದನ್ನು ನೋಡಿ. ಎರಡು ಬೇರೆ ಹೆಸರಿನ ಪ್ಯಾಕೆಟಿನಲ್ಲಿ ಅದೇ ನಂಬರ್ ಇದ್ದರೆ ಎರಡೂ ಒಂದೇ ಕಡೆ ತಯಾರಾದದ್ದು. ಮಾಲು ಒಂದೇ ಅಂತ ಅದರಿಂದ ಹೇಳಲಿಕ್ಕೆ ಆಗುವುದಿಲ್ಲ, ಆದರೆ ಪದಾರ್ಥದ ಪಟ್ಟಿಯೂ ಒಂದೇ ಇದ್ದರೆ ನಾನು ಕಡಿಮೆ ರೇಟಿನದ್ದನ್ನೇ ತರುತ್ತೇನೆ.

ಚಾ ಹುಡಿಗೆ ಪರೀಕ್ಷೆ ಸುಲಭ. ಅದೇ ನೀರು, ಅದೇ ಹಾಲು, ತೂಗಿ ಹಾಕಿದ ಹುಡಿ. ಶಬರಿ ಚಾ ಗಾಢವಾಗಿ ಇಳಿಯುತ್ತದೆ, ಹಾಲು ಹಾಕುವವರಿಗೆ ಸ್ವಲ್ಪ ಹುಡಿ ಸಾಕು. ಹಾಲು ಹಾಕದ ಕಣ್ಣನ್ ಚಾ ಕುಡಿಯುವ ನನ್ನ ಗಂಡನಿಗೆ ಮಾತ್ರ ಎಲೆ ಚಾ ಬೇರೆಯೇ ತರುತ್ತೇನೆ. ಅದನ್ನು ದುಡ್ಡಿನ ಲೆಕ್ಕದಲ್ಲಿ ನೋಡುವುದಿಲ್ಲ.

ಮೈಸಾಬೂನಿಗೆ, ಅದರಲ್ಲಿ ಕೊಬ್ಬಿನಂಶ ಶೇಕಡಾ ಎಷ್ಟು ಅಂತ ಹೇಳುವ ಟಿಎಫ್‌ಎಂ ನೋಡಿ. 76 ಅಥವಾ ಅದಕ್ಕಿಂತ ಮೇಲೆ ಇದ್ದರೆ ಗ್ರೇಡ್ 1, 70ರಿಂದ ಮೇಲೆ ಇದ್ದರೆ ಗ್ರೇಡ್ 2, 60ರಿಂದ ಮೇಲೆ ಇದ್ದರೆ ಗ್ರೇಡ್ 3. ಟಿಎಫ್‌ಎಂ ಜಾಸ್ತಿ ಇದ್ದದ್ದು ನಮ್ಮ ಬಚ್ಚಲಿನಲ್ಲಿ ಬೇಗ ಕರಗಿ ಹೋಗುವುದಿಲ್ಲ. ಜಾಹೀರಾತಿನಲ್ಲಿ ಸಿನಿಮಾ ನಟಿ ಇರುವ ಸಾಬೂನಿಗೂ ಅಂಗಡಿಯ ಸ್ವಂತ ಸಾಬೂನಿಗೂ ಇದೊಂದೇ ಅಂಕಿ ಇಟ್ಟು ನೋಡಿದರೆ ಸಾಕಾಗುತ್ತದೆ.

ಇನ್ನು ಉಳಿದಿರುವುದು ಇಂಗು. ಪೇಟೆಯಲ್ಲಿ ಡಬ್ಬಿಯಲ್ಲಿ ಸಿಗುವುದು ಹೆಚ್ಚಾಗಿ ಹಿಟ್ಟು, ಗೋಂದು ಸೇರಿಸಿದ ಇಂಗು. ಅದರಲ್ಲಿ ಇಂಗಿನ ಪಾಲು ಬ್ರಾಂಡಿನಿಂದ ಬ್ರಾಂಡಿಗೆ ಬೇರೆ. ಕಡಿಮೆ ರೇಟಿನ ಎರಡು ತಂದಿಟ್ಟಿದ್ದೇನೆ. ಸಾರಿಗೆ ಒಂದು ದಿನ ಇದು, ಒಂದು ದಿನ ಅದು ಹಾಕುತ್ತಿದ್ದೇನೆ, ಯಾವುದು ಅಂತ ಅತ್ತೆಗೆ ಹೇಳುವುದಿಲ್ಲ. ಅವರು ಇನ್ನೂ ಎರಡನ್ನೂ ಒಪ್ಪಿಲ್ಲ. ಅಲ್ಲಿಯವರೆಗೆ ಹಳೆಯ ಬ್ರಾಂಡಿನ ಡಬ್ಬಿಯೇ ನಡೆಯುತ್ತದೆ.